ಎಡಗಿವಿ ನನ್ನದು

ಜೂನ್ 16, ಸೋಮವಾರ

ಈ ಪುಸ್ತಕ ಬರೆ ಅಂದವಳು ಮೈಸೂರಿನ ಡಾಕ್ಟರಮ್ಮ ವನಿತಾ. ಬರೆಯಬೇಕಾದ್ದು ಏನಪ್ಪ ಅಂದರೆ, ದಿನಾ ಬೆಳಿಗ್ಗೆ ನಾನು ಕೂತು ಎದ್ದು ಬಂದದ್ದರ ಬಣ್ಣ. ಕಟ್ಟೆಮಳಲವಾಡಿ ಸ್ಕೂಲಿನಲ್ಲಿ ಏಳನೇ ಕ್ಲಾಸಿಗೆ ಕನ್ನಡದಲ್ಲಿ ಮೊದಲನೆಯವನಾಗಿ ಬಂದ ಕರಿಯಪ್ಪ, ಐವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಪೆನ್ನು ಹಿಡಿದದ್ದು ಇದಕ್ಕೆ. ಮೇಷ್ಟ್ರು ಬದುಕಿಲ್ಲ, ಪುಣ್ಯ.

ಕತೆ ಶುರುವಾದದ್ದು ಹಲ್ಲಿನಿಂದ. ಹೋದ ತಿಂಗಳು ಹುಣಸೂರಿನಲ್ಲಿ ಒಂದು ದವಡೆ ಹಲ್ಲು ಕೀಳಿಸಿದೆ. ಬೆಳಿಗ್ಗೆ ಹತ್ತಕ್ಕೆ ಕಿತ್ತರು, ಸಾಯಂಕಾಲ ಐದಾದರೂ ರಕ್ತ ನಿಲ್ಲಲಿಲ್ಲ. ನಮ್ಮ ಕಡೆ ಹೊಗೆಸೊಪ್ಪು ಕಟ್ಟುವಾಗ ಕೈ ಕುಯ್ದುಕೊಂಡರೆ ಅದೇ ಸೊಪ್ಪಿನ ಪುಡಿ ಒತ್ತುತ್ತೇವೆ, ಅಲ್ಲಿಗೆ ಮುಗಿಯಿತು. ನಾನೂ ಹಲ್ಲಿನ ಗುಳಿಗೆ ಒಂದು ಚಿಟಿಕೆ ಒತ್ತಿದೆ. ರಕ್ತ ನಿಲ್ಲಲಿಲ್ಲ, ಸೀನು ಬಂತು. ಬಾಯೊಳಗೆ ಬಗ್ಗಿ ನೋಡುತ್ತಿದ್ದ ಹಲ್ಲಿನ ಡಾಕ್ಟರ ಬಿಳಿ ಕೋಟಿನ ಮೇಲೆ ಓಕುಳಿ. ಆ ಪುಣ್ಯಾತ್ಮ ಕೈಮುಗಿದು ಮೈಸೂರಿಗೆ ಚೀಟಿ ಬರೆದುಕೊಟ್ಟ.

ಮೈಸೂರಿನಲ್ಲಿ ಹೊಟ್ಟೆಗೆ ಅಂಟು ಬಳಿದು ಉಜ್ಜಿ ನೋಡಿ, ಲಿವರು ಗಟ್ಟಿಯಾಗಿದೆ ಅಂದರು. ಒಳಗೆಲ್ಲ ಗಾಯ ಮಾಯ್ದ ಗಂಟುಗಳಂತೆ.

"ಕುಡೀತೀರಾ ಯಜಮಾನ್ರೇ?" ಅಂದಳು ಡಾಕ್ಟರಮ್ಮ.

"ಮಜ್ಜಿಗೆ" ಅಂದೆ.

ನಂಬಿದಳು. ಸಕ್ಕರೆ ಕಾಯಿಲೆ, ಬೊಜ್ಜು ಎರಡೂ ಸೇರಿ ಹದಿನೈದು ವರ್ಷ ಒಳಗೊಳಗೇ ಕೆಲಸ ಮಾಡಿವೆ ಅಂದಳು. ನನಗೆ ರಕ್ತ ತೆಳ್ಳಗಾಗಿದೆ, ನೀರಾಗಿದೆ ಅಂತ ನಾನಂದರೆ ತಲೆ ಅಲ್ಲಾಡಿಸಿದಳು. ರಕ್ತ ಹೆಪ್ಪುಗಟ್ಟಿಸುವ ವಸ್ತು ಮಾಡುವುದೂ ಲಿವರು, ಹೆಪ್ಪುಗಟ್ಟದ ಹಾಗೆ ತಡೆಯುವ ವಸ್ತು ಮಾಡುವುದೂ ಲಿವರು, ನಿಮ್ಮಲ್ಲಿ ಎರಡೂ ಕಮ್ಮಿ ಅಂದಳು. ನನಗೆ ತಕ್ಷಣ ಅರ್ಥವಾಯಿತು. ನಾನು ಸುತ್ತ ಹತ್ತೂರಿಗೆ ಬ್ಯಾರನ್ ಕರಿಯಪ್ಪ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಕೆಳಗೆ ಬೆಂಕಿ, ಮೇಲೆ ಗಾಳಿಕಿಂಡಿ. ಬೆಂಕಿಯೂ ಕಮ್ಮಿ, ಕಿಂಡಿಯೂ ಕಿರಿದು ಅಂದರೆ ಹೆಂಗೋ ಸಮ ತೂಗುತ್ತದೆ. ಆದರೆ ಒಂದು ಗಾಳಿ ಬೀಸಿದರೆ ಸೊಪ್ಪು ಸುಡಲೂಬಹುದು, ಕೊಳೆಯಲೂಬಹುದು. ಇದನ್ನೇ ಅವಳಿಗೆ ಹೇಳಿದೆ. "ನಮ್ಮ ಸ್ಟೂಡೆಂಟ್ಸಿಗೆ ನೀವೇ ಪಾಠ ಮಾಡಿ" ಅಂದಳು. ಹೋಗಬೇಕು ಒಂದು ದಿನ.

ಆಜ್ಞೆ ಮೂರು. ನೋವಿನ ಮಾತ್ರೆ ನುಂಗಬಾರದು. ಜುಲೈ ಎಂಟಕ್ಕೆ ಬಂದು ಬಾಯಿಯಿಂದ ಕೊಳವೆ ಬಿಡಿಸಿಕೊಂಡು ಅನ್ನನಾಳದ ರಕ್ತನಾಳ ಊದಿವೆಯೇ ತೋರಿಸಬೇಕು. ಮತ್ತೆ, ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಬರಬೇಕು.

ಬಣ್ಣ ಬರೆಯುವುದರಲ್ಲಿ ನನಗೆ ಯಾರು ಸಮ? ನಲವತ್ತು ವರ್ಷ ಸೊಪ್ಪಿನ ಬಣ್ಣ ನೋಡಿದವನು. ಹರಾಜಿನಲ್ಲಿ ಸೊಪ್ಪಿಗೆ ಕೊಡುವ ದರ್ಜೆಯ ಲೆಕ್ಕದಲ್ಲೇ ಬರೆಯುತ್ತೇನೆ: ಬ್ರೈಟ್, ಮೀಡಿಯಂ, ಲೋ.

ಇವತ್ತು: ಬ್ರೈಟ್.

ಜೂನ್ 21, ಶನಿವಾರ

ಊರಿಗೆ ಸುದ್ದಿ ಮುಟ್ಟಿದೆ. ಲಿವರ್ ಅಂದಮೇಲೆ ಎಣ್ಣೆ ಅಂತ ಊರೇ ತೀರ್ಮಾನ ಮಾಡಿದೆ. ಇವತ್ತು ನಮ್ಮ ಬ್ಯಾರನ್ ಕೆಲಸದ ನಿಂಗ ಬಂದು ಜಗಲಿಯ ಕೆಳಗೆ ನಿಂತು ಕಣ್ಣಲ್ಲಿ ನೀರು ತಂದುಕೊಂಡ. ಅವನೋ, ಸಂಜೆಯಾದರೆ ಬ್ರಾಂದಿ ಅಂಗಡಿ ಬಾಗಿಲು ಬಿಟ್ಟು ಕದಲುವವನಲ್ಲ.

"ಅಣ್ಣೋ, ನಾವು ಬೀದೀಲಿ ಕುಡ್ದು ಬೀದೀಲಿ ಬೀಳ್ತೀವಿ. ನೀವು ಮರ್ಯಾದಸ್ತರು. ಒಳ್ಗೇ ಕುಡ್ದು ಒಳ್ಗೇ ಬಿದ್ರಿ."

"ಲೇ, ನಾನು ಒಂದ್ ತೊಟ್ಟೂ ಮುಟ್ಟಿದೋನಲ್ಲ ಕಣ್ಲಾ!"

"ಊಂ ಅಣ್ಣ. ನೀವು ಏಳಿದ್ಮೇಲೆ ಮುಗೀತು."

ಅಂದವನು ಕಾಲುಮುಟ್ಟಿ ನಮಸ್ಕಾರ ಬೇರೆ ಮಾಡಿದ. ಕುಡುಕರೆಲ್ಲ ನನ್ನನ್ನು ತಮ್ಮ ಗುರುಗಳ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಕುಡಿಯದೆ ಸಿಕ್ಕ ಗೌರವ.

ಒಳಗೆ ಬಂದು ಹೆಂಡತಿಗೆ ಹೇಳಿಕೊಂಡೆ. ಜಯಲಕ್ಷ್ಮಮ್ಮ ರಾಗಿ ಕೇರುತ್ತಾ ತಲೆ ಎತ್ತದೆ ಅಂದಳು: "ಕುಡ್ದಿದ್ರೆ ಒಂದ್ ಸಮಾಧಾನನಾದ್ರೂ ಇರೋದು ಕಣ್ರೀ, ಮನುಷ್ಯ ಸುಖಪಟ್ನಲ್ಲ ಅಂತ."

ಬ್ರೈಟ್.

ಜೂನ್ 29, ಭಾನುವಾರ

ಮೊಣಕೈ ಬಾಗಿಲಿಗೆ ತಾಗಿತು. ಮುಟ್ಟಿದ್ದು ಅಷ್ಟೆ. ಅಂಗೈ ಅಗಲ ನೀಲಿ ಕಟ್ಟಿದೆ, ಹೆಚ್.ಡಿ. ಕೋಟೆ ತಾಲೂಕಿನ ನಕಾಶೆಯ ಹಾಗೆ, ಕಬಿನಿ ಹಿನ್ನೀರು ಸಮೇತ. ಹಲ್ಲುಜ್ಜಿದರೆ ನೊರೆ ಗುಲಾಬಿ. ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದೇನೆ.

ಮೀಡಿಯಂ.

ಜುಲೈ 3, ಗುರುವಾರ

ತಂಗಿ ಮಂಗಳಾ ಪಿರಿಯಾಪಟ್ಟಣದಿಂದ ಬಂದಿದ್ದಳು, ಚಿನ್ನುವನ್ನು ಎತ್ತಿಕೊಂಡು. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು ಮಂಗಳಾ. ನಾನೇ ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ್ದು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು ಇದು. ಬಂದದ್ದೇ ನನ್ನ ಮೀಸೆ ಹಿಡಿದು ಜಗ್ಗಿತು. ಹೆಣ್ಣುಮಗು, ಆದರೂ ಹಿಡಿತ ನಮ್ಮ ಮನೆತನದ್ದು.

ಶ್ರಾವಣದ ಮೊದಲ ಸೋಮವಾರ, ಜುಲೈ 28ಕ್ಕೆ ಕಿವಿ ಚುಚ್ಚಿಸುವುದು ಅಂತ ಗೊತ್ತಾಗಿದೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕು. ಅಂದರೆ ನನ್ನ ತೊಡೆ. ಈ ತೊಡೆ ಹನ್ನೊಂದು ವರ್ಷದಿಂದ ಕಾದು ಕೂತಿದೆ.

ಎಲ್ಲ ಸರಿಯಿತ್ತು. ಹೊರಡುವಾಗ ಮಂಗಳಾ ಸೆರಗು ತಿರುವುತ್ತಾ ಅಂದಳು: "ಅಣ್ಣ, ನಿನ್ ತೊಡೆನೇ ಕಣಣ್ಣ, ಬೇರೆ ಮಾತಿಲ್ಲ. ಆದ್ರೆ ನಿಂಗೇನಾದ್ರೂ ಆಸ್ಪತ್ರೆ ಗೀಸ್ಪತ್ರೆ ಅಂತ ಬಂದ್ರೆ... ನಂಜಣ್ಣಂಗೂ ಒಂದ್ ಮಾತ್ ಏಳಿವ್ನಿ."

ನಂಜಣ್ಣ! ಚಿಕ್ಕಪ್ಪನ ಮಗ. ವರಸೆಯಲ್ಲಿ ಅವನೂ ಮಾವನೇ, ಸುಳ್ಳಲ್ಲ. ಆದರೆ ಹತ್ತು ವರ್ಷದ ಹಿಂದೆ ಹರಾಜು ಕಟ್ಟೆಯಲ್ಲಿ ಅವನ ಸೊಪ್ಪಿನ ಬೇಲು ಬ್ರೈಟ್, ನನ್ನ ಬೇಲು ಮೀಡಿಯಂ ಅಂತಾದಾಗ ನನ್ನ ಕಡೆ ತಿರುಗಿ ನಕ್ಕವನು. ಅವತ್ತಿನಿಂದ ಮಾತಿಲ್ಲ. ಎದುರಿಗೆ ಬಂದರೆ ಅವನಿಗೆ ಅನ್ನಬೇಕಾದ್ದನ್ನು ನಾನು ಎಮ್ಮೆಗೆ ಹೇಳುತ್ತೇನೆ, ಅವನು ನಾಯಿಗೆ ಹೇಳುತ್ತಾನೆ. ಅವನ ತೊಡೆಯೂ ಒಂದು ತೊಡೆಯೇ? ಕೊಕ್ಕರೆಗೆ ಅದಕ್ಕಿಂತ ಮಾಂಸ ಇರುತ್ತದೆ.

"ನಾನು ಇರೋತಂಕ ಅವ್ನು ಆ ಮಗೂನ ಮುಟ್ಟಂಗಿಲ್ಲ" ಅಂದೆ.

ಮೀಡಿಯಂ. ಕೋಪಕ್ಕೆ ಬಣ್ಣ ಇಳಿದಿರಬೇಕು.

ಜುಲೈ 8, ಮಂಗಳವಾರ

ಕೊಳವೆ ಬಿಡಿಸಿಕೊಳ್ಳುವ ದಿನ. ಬೆಳಿಗ್ಗೆ ಹೊಸ ಪಂಚೆ ಉಟ್ಟು ಹುಣಸೂರು ಬಸ್‌ಸ್ಟಾಂಡಿನವರೆಗೂ ಹೋದೆ. ಮೈಸೂರು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಒಂದು ಸೆಟ್ ದೋಸೆ ತಿಂದು ಮನೆಗೆ ಬಂದೆ.

ಹೆದರಿಕೆ ಅಲ್ಲ. ನಾನು ನಾಗರಹಾವನ್ನು ಬಾಲ ಹಿಡಿದು ತಿರುಗಿಸಿದವನು. ಆದರೆ ಆ ಹಾವು ನನ್ನನ್ನು ಹೊರಗಿನಿಂದ ನೋಡುತ್ತಿತ್ತು. ಇದು ಒಳಗೇ ಇಳಿದು ನೋಡುತ್ತದಂತೆ, ಟಾರ್ಚು ಹಿಡಿದುಕೊಂಡು. ನೋಡಿ ಏನಾದರೂ ಕಂಡರೆ ಮಲಗಿಸಿಕೊಳ್ಳುತ್ತಾರೆ. ಮಲಗಿಸಿಕೊಂಡರೆ ತೊಡೆ ನಂಜನದಾಗುತ್ತದೆ. ಕಿವಿ ಚುಚ್ಚಿಯಾದ ಮರುದಿನವೇ ಹೋಗುತ್ತೇನೆ. ಇಪ್ಪತ್ತು ದಿನಕ್ಕೆ ಏನು ಮುಳುಗುತ್ತದೆ?

ಡಾಕ್ಟರಮ್ಮ ರಜಾ ಅಂತ ಹೆಂಡತಿಗೆ ಹೇಳಿದೆ. ಡಾಕ್ಟರಿಗೂ ರಜಾ ಬೇಡವೇ, ಪಾಪ. ನಾನೇ ಕೊಟ್ಟೆ.

ಜುಲೈ 11, ಶುಕ್ರವಾರ

ನಾಳೆ ಮೊದಲ ಬ್ಯಾರನ್ ತುಂಬುವುದು. ಸೌದೆ ಒಟ್ಟಿ ಸೊಂಟ ಹಿಡಿದುಕೊಂಡಿದೆ. ಅಂಗಡಿಯಿಂದ ಮೈಕೈ ನೋವಿನ ಕೆಂಪು ಮಾತ್ರೆ ತರಿಸಿ ಎರಡು ನುಂಗಿದೆ. ಡಾಕ್ಟರಮ್ಮ ಬೇಡ ಅಂದದ್ದು ದೊಡ್ಡ ನೋವಿನ ದೊಡ್ಡ ಮಾತ್ರೆ. ಇದು ಬೀಡಿ ಬೆಂಕಿಪೊಟ್ಟಣದ ಜೊತೆ ಮಾರುವ ಮಾತ್ರೆ. ಇದಕ್ಕೆ ಅಷ್ಟು ಶಕ್ತಿ ಎಲ್ಲಿಂದ?

ಶಕ್ತಿ ಇದೆ. ಸೊಂಟ ಹಗುರ.

ಜುಲೈ 13, ಭಾನುವಾರ

ಬ್ಯಾರನ್ ತುಂಬಿತು, ಬೆಂಕಿ ಹೊತ್ತಿತು. ಇನ್ನು ಐದಾರು ದಿನ ನಾನು ಇಲ್ಲೇ. ಎಲ್ಲರೂ ಥರ್ಮಾಮೀಟರ್ ನೋಡುತ್ತಾರೆ, ನಾನು ಬಾಗಿಲಿಗೆ ಅಂಗೈ ಒತ್ತಿ ಶಾಖ ಹೇಳುತ್ತೇನೆ. ಮಾತ್ರೆ ಬೆಳಿಗ್ಗೆ ಎರಡು, ರಾತ್ರಿ ಎರಡು.

ಬ್ಯಾರನ್ ಪಕ್ಕದ ನೇರಳೆ ಮರ ಈ ವರ್ಷ ಹುಚ್ಚೆದ್ದು ಬಿಟ್ಟಿದೆ. ಸಕ್ಕರೆ ಕಾಯಿಲೆಗೆ ನೇರಳೆ ಔಷಧಿ. ನಿಂಗ ಉದುರಿಸಿದ, ನಾನು ಒಂದು ಮೊರ ಔಷಧಿ ತಿಂದೆ. ನಾಲಿಗೆ ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ಹೆದರಿಕೆ.

ಜುಲೈ 15, ಮಂಗಳವಾರ

ಕಪ್ಪು.

ಬರೆದುಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಹೊಸದಾಗಿ ಹಾಕಿದ ಹುಣಸೂರು ರಸ್ತೆ. ಹಾಗೇ ಅಂಟು, ಹಾಗೇ ಹೊಳಪು, ಎರಡು ಚೊಂಬು ನೀರಿಗೂ ಜಗ್ಗಲಿಲ್ಲ. ವಾಸನೆ ಮಾತ್ರ ರಸ್ತೆಯದಲ್ಲ. ನನ್ನ ಆಯಸ್ಸಿನಲ್ಲಿ ಅಂಥ ವಾಸನೆ ಕಂಡಿಲ್ಲ.

ಡಾಕ್ಟರಮ್ಮನ ಮೂರನೇ ಆಜ್ಞೆ ನೆನಪಾಯಿತು. ಆಮೇಲೆ ನೇರಳೆ ನೆನಪಾಯಿತು. ಒಂದು ಮೊರ ತಿಂದವನಿಗೆ ಮಲ್ಲಿಗೆ ಬಣ್ಣ ಬರುತ್ತದೆಯೇ? ಆದರೂ ಪರೀಕ್ಷೆ ಮಾಡದೆ ತೀರ್ಮಾನ ಮಾಡುವವನಲ್ಲ ನಾನು. ನಿಂಗನನ್ನು ಕರೆದೆ.

"ಲೇ, ನೀನೂ ನೇರಳೆ ತಿಂದ್ಯಲ್ಲ?"

"ಊಂ ಅಣ್ಣ."

"ಬೆಳಿಗ್ಗೆ ಬಯಲ್ ಕಡೆಗೆ ಓಗಿದ್ಯಲ್ಲ, ಯಾವ ಬಣ್ಣ?"

ನಿಂಗ ಆಕಾಶ ನೋಡಿದ, ಬ್ಯಾರನ್ ನೋಡಿದ, ನನ್ನ ಮುಖ ನೋಡಿದ. "ನಿಮ್ದು ಯಾವುದಣ್ಣ?"

"ಕಪ್ಪು."

"ನಂದೂ ಕಪ್ಪೇ ಅಣ್ಣ. ಕಾಗೆ ಕಪ್ಪು!"

ಅಬ್ಬ. ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. ಎರಡು ಸಾಕ್ಷಿ ಒಂದೇ ಮಾತು ಹೇಳಿದಮೇಲೆ ಕೋರ್ಟೂ ಒಪ್ಪುತ್ತದೆ.

ಜುಲೈ 16, ಬುಧವಾರ

ತಲೆ ಸುತ್ತು. ಬ್ಯಾರನ್ ಶಾಖ. ಮತ್ತೆ ನೇರಳೆ ಬಣ್ಣ. ಇವತ್ತು ನೇರಳೆ ತಿಂದಿಲ್ಲ. ಭಾನುವಾರದ್ದು ಇನ್ನೂ ಉಳಿದಿರಬೇಕು.

ಜುಲೈ 17, ಗುರುವಾರ

ಮಧ್ಯಾಹ್ನ ನಿಂಗ ಬಂದು ಬೆಂಕಿಬಾಯಿ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಸುಮ್ಮನೆ ಕೂತವನಲ್ಲ ಅವನು. ಸೌದೆ ತಳ್ಳಿದ, ಮತ್ತೆ ಎಳೆದ.

"ಅಣ್ಣ, ಒಂದ್ ಸುಳ್ಳು ಏಳ್ಬುಟ್ಟೆ. ನಂದು ಕಪ್ಪಲ್ಲ."

"ಮತ್ತೇನ್ಲಾ?"

"ನಾನು ನೋಡೇ ಇಲ್ಲ ಅಣ್ಣ. ನೇರಳೆನೂ ತಿನ್ನಲಿಲ್ಲ, ನಂಗೆ ಗಂಟ್ಲು ಕೆರೀತದೆ. ನೀವು ಏನಂದ್ರೂ ಊಂ ಅನ್ನೋದು ಅಬ್ಯಾಸ ಆಗೋಗದೆ. ನಾಗರಾವು ಇಡ್ದೆ ಅಂದ್ರಿ, ಊಂ ಅಂದೆ. ಕೈಯಿಟ್ಟು ಶಾಖ ಏಳ್ತೀನಿ ಅಂದ್ರಿ, ಊಂ ಅಂದೆ. ದಿನಾ ನೀವು ಊಟಕ್ಕೆ ಓದ್ಮೇಲೆ ಥರ್ಮಾಮೀಟ್ರು ನೋಡಿ ನಾನೇ ಸರಿ ಮಾಡ್ತೀನಿ. ನಿಮ್ ಮೊಕ ಎರಡ್ ದಿನದಿಂದ ಸುಣ್ಣ ಆಗದೆ. ಇದೊಂದಕ್ಕೆ ಊಂ ಅನ್ನಕ್ಕಾಗಲ್ಲ ಅಣ್ಣ. ಆಸ್ಪತ್ರೆಗೆ ನಡೀರಿ."

ಬೈದು ಓಡಿಸಿದೆ. ಕುಡುಕನ ಮಾತು.

ಈಗ ಬಾಗಿಲಿಗೆ ಅಂಗೈ ಒತ್ತಿದೆ. ಬಿಸಿಯೋ ತಣ್ಣಗೋ ತಿಳಿಯುತ್ತಿಲ್ಲ. ಕೈಯೇ ತಣ್ಣಗಿದೆ.

ನಾಳೆ ಹೋಗುತ್ತೇನೆ.

ಜುಲೈ 23, ಬುಧವಾರ. ಮೈಸೂರು

ಅಕ್ಷರ ಸೊಟ್ಟಗಿರುವುದು ಕೈಯಲ್ಲಿರುವ ಸೂಜಿಯಿಂದ. ಬರೆದವನು ಅದೇ ಕರಿಯಪ್ಪ.

ಅವತ್ತು ಪುಸ್ತಕ ಮುಚ್ಚಿ ಬೆಂಕಿಗೆ ಬಗ್ಗಿದೆ. ಬಾಯಿಗೆ ಏನೋ ಬೆಚ್ಚಗೆ ಬಂತು. ನೋಡಿದರೆ ಬ್ಯಾರನ್ ಗೋಡೆ ಕೆಂಪಗೆ. ಬೈಸಿಕೊಂಡರೂ ಬಾಗಿಲಲ್ಲೇ ಕಾದು ಕೂತಿದ್ದ ನಿಂಗ ಓಡಿಬಂದು, "ಅಣ್ಣ, ಎಲೆಅಡ್ಕೆ ಯಾವಾಗ ಆಕ್ಕಂಡ್ರಿ?" ಅಂದ. ಎರಡನೇ ಸಲ ಬಂದಾಗ ಕೇಳಲಿಲ್ಲ. ನನ್ನನ್ನು ಒರಗಿಸಿ ಓಡಿದ. ಓಡಿದ್ದು ಎಲ್ಲಿಗೆ? ನಂಜನ ಮನೆಗೆ. ಓಮ್ನಿ ಇರುವುದು ಅವನ ಹತ್ತಿರ.

ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆ ಮೇಲೆ ನನ್ನ ತಲೆ. ಕಣ್ಣು ಎಳೆಯುತ್ತಿತ್ತು. ನಿಂಗ ಬಿಡಲಿಲ್ಲ. "ಅಣ್ಣ, ಆ ಆವು ಇಡ್ದ ಕತೆ ಏಳಿ. ಎಷ್ಟ್ ಉದ್ದ ಇತ್ತು?" ಹೇಳಿದೆ. ಬಿಳಿಕೆರೆ ದಾಟುವಾಗ ಹಾವು ಹನ್ನೆರಡು ಅಡಿ ಇತ್ತಂತೆ, ಇಲವಾಲಕ್ಕೆ ಬರುವಾಗ ಹದಿನೆಂಟು. ಅಲ್ಲಿ ನನ್ನ ಬಾಯಿ ನಿಂತಿತು. ಆಗ ಮುಂದಿನಿಂದ ನಂಜ, ತಿರುಗದೆ, "ಓದ್ಸಲ ಇಪ್ಪತ್ತು ಅಂದಿದ್ಯಲ್ಲೋ, ಎಲ್ಲೋಯ್ತು ಎರಡಡಿ?" ಅಂದ. ಹತ್ತು ವರ್ಷದಲ್ಲಿ ಮೊದಲ ಮಾತು. ಉತ್ತರ ಕೊಡದೆ ಸಾಯುವುದು ಹೇಗೆ? "ಬಾಲ ಮಡಿಸ್ಕಂಡಿತ್ತು" ಅಂದೆನಂತೆ.

ಕೊಳವೆ ಕೊನೆಗೂ ಇಳಿಯಿತು. ಊದಿ ಒಡೆದಿದ್ದ ನಾಳಗಳಿಗೆ ರಬ್ಬರ್ ಉಂಗುರ ಬಿಗಿದಿದ್ದಾರೆ. ಆರು. ಕಡ್ಡಿಗೆ ಸೊಪ್ಪು ಕಟ್ಟಿದ ಹಾಗೆ. ಈ ತಾಲೂಕಿನಲ್ಲಿ ನನ್ನಷ್ಟು ಬೇಗ ಸೊಪ್ಪು ಕಟ್ಟುವವರಿಲ್ಲ, ಈಗ ನನ್ನನ್ನೇ ಕಟ್ಟಿದರು.

ಹೆಂಡತಿ ಹೇಳಿದ್ದು: ನಂಜ ಡಾಕ್ಟರಮ್ಮನ ಮೇಲೆ ಕೂಗಾಡಿದನಂತೆ, "ರಕ್ತ ಗಟ್ಟಿ ಮಾಡೋ ಬಾಟ್ಲು ಎಷ್ಟ್ ಬೇಕಾದ್ರೂ ಏರ್ಸಿ ಮೇಡಂ" ಅಂತ. ಅದಕ್ಕೆ ಅವಳು, "ನಿಮ್ಮೂರ ಕಟ್ಟೆ ತೂಬು ಕಟ್ಟಿಕೊಂಡು ಏರಿ ಒಡೆದಿದೆ ಅಂದ್ಕೊಳ್ಳಿ. ಕಟ್ಟೆಗೆ ಇನ್ನಷ್ಟು ನೀರು ಬಿಡ್ತೀರಾ? ಒಡೆದಿದ್ದು ರಕ್ತ ತೆಳ್ಳಗಾಗಿ ಅಲ್ಲ, ಒತ್ತಡಕ್ಕೆ" ಅಂದಳಂತೆ. ಲೆಕ್ಕ ಹಾಕಿ ರಕ್ತ ಕೊಟ್ಟಿದ್ದಾರೆ, ಎರಡೇ ಚೀಲ. ಏರಿಸಿದ್ದಕ್ಕೆ ಬದಲಿ ರಕ್ತ ಕೊಡಲು ನಿಂಗ ಮೊದಲು ತೋಳು ಚಾಚಿದ. ಬಾಯಿ ವಾಸನೆ ನೋಡಿ ವಾಪಸು ಕಳಿಸಿದರು, ಹೊರಗೆ ಕೂತು ಅತ್ತನಂತೆ. ಅವತ್ತೇ ಕೊನೆ ಬಸ್ಸು ಹಿಡಿದು ಹೋಗಿ ಬ್ಯಾರನ್ ಮುಗಿಸಿದ್ದಾನೆ. ಒಂದು ಎಲೆ ಸುಟ್ಟಿಲ್ಲ. ರಕ್ತ ಕೊಟ್ಟವನು ನಂಜ.

ಡಾಕ್ಟರಮ್ಮ ಪುಸ್ತಕ ಕೇಳಿದಳು. ಹೆಂಡತಿ ಚೀಲದಲ್ಲಿ ತಂದಿದ್ದಳು, ಕೊಟ್ಟುಬಿಟ್ಟಳು. ನಿಂತೇ ಓದಿದಳು. ಬ್ರೈಟ್, ಮೀಡಿಯಂ ಬಂದಾಗ ನಕ್ಕಳು. ತನ್ನ ರಜಾ ಬಂದಾಗ ನನ್ನ ಕಡೆ ನೋಡಿದಳು. ಹದಿನೈದನೇ ತಾರೀಕಿಗೆ ನಗು ನಿಂತಿತು.

"ನೇರಳೆ ತಿಂದ್ರೆ ಕಪ್ಪಾಗಬಹುದು ಯಜಮಾನ್ರೇ. ಆದ್ರೆ ಹೀಗೆ ಅಂಟಲ್ಲ, ಈ ವಾಸನೆ ಬರಲ್ಲ. ಎಲ್ಲ ಸರಿಯಾಗಿ ಬರೆದಿದ್ದೀರಿ. ಬರೆದೋರು ಓದಲಿಲ್ಲ, ಅಷ್ಟೇ."

ಪುಸ್ತಕ ವಾಪಸು ತೆಗೆದುಕೊಂಡು ಹದಿನೈದನೇ ತಾರೀಕಿನದನ್ನು ನಾನೇ ಒಂದು ಸಲ ಓದಿದೆ.

ಜುಲೈ 26, ಶನಿವಾರ

ಮನೆಗೆ ಬಂದೆ. ಮೆತ್ತಗಿನ ಅನ್ನ, ತಣ್ಣಗಿನ ಗಂಜಿ. ಕಿವಿ ಚುಚ್ಚುವುದಕ್ಕೆ ಹೋಗಬಹುದು, ಕೂತಿರಬೇಕು, ರಕ್ತ ಎಲ್ಲಿ ಕಂಡರೂ ಮುಚ್ಚಿಡದೆ ಹೇಳಬೇಕು ಅಂತ ಡಾಕ್ಟರಮ್ಮನ ಅಪ್ಪಣೆ.

ಮಂಗಳಾ ಫೋನು ಮಾಡಿದಳು. "ಮುಂದಕ್ಕಾಕನಾ ಅಣ್ಣ?" ಬೇಡ ಅಂದೆ. ಪೆಟ್ಟಿಗೆಯಿಂದ ಕೆಂಪು ಟವೆಲ್ಲು ತೆಗೆದಿಟ್ಟಿದ್ದೇನೆ.

"ಬಿಳಿ ಶಲ್ಯ ಅದೆಯಲ್ಲ, ಇದ್ಯಾಕೆ?" ಅಂದಳು ಹೆಂಡತಿ.

"ಕೆಂಪು ಶುಭ ಕಣೆ."

ನನ್ನ ಮುಖವನ್ನೇ ನೋಡಿದಳು.

ಮೀಡಿಯಂ. ಎರಡು ಸಲ ನೋಡಿ ಬರೆದದ್ದು.

ಜುಲೈ 28, ಸೋಮವಾರ

ಪಿರಿಯಾಪಟ್ಟಣಕ್ಕೆ ಹೋಗಿ ಬಂದೆವು. ಸುಸ್ತು. ಆದರೂ ಬರೆದೇ ಮಲಗುವುದು.

ಮಣೆ ಹಾಕಿದ್ದರು, ಕೂತೆ. ಚಿನ್ನುವನ್ನು ತೊಡೆ ಮೇಲೆ ಇಟ್ಟರು. ಹೊಸ ಲಂಗ, ಕೈಯಲ್ಲಿ ಬೆಲ್ಲದ ಚೂರು. ಕೂಸು ನನ್ನ ಮೀಸೆಗೇ ಬೆಲ್ಲ ಬಳಿಯಿತು. ಆಚಾರಿ ಚಿನ್ನದ ತಂತಿ ಒರೆಸಿ ತಯಾರಾದ. ಹೆಣ್ಣುಮಗುವಿಗೆ ಎಡಗಿವಿ ಮೊದಲು. ನಾನು ತಲೆ ಹಿಡಿದೆ. ಅಲ್ಲಾಡದ ಹಾಗೆ ಹಿಡಿಯುವುದೂ ಒಂದು ವಿದ್ಯೆ.

ಚುಚ್ಚಿದ. ಕೂಸು ಕಿರುಚಿ ಕಾಲು ಝಾಡಿಸಿತು, ಹಿಮ್ಮಡಿ ನೇರ ನನ್ನ ಮೂಗಿಗೆ.

ನಾನು ಕಿವಿಯನ್ನೇ ನೋಡುತ್ತಿದ್ದೆ. ಒಂದು ತೊಟ್ಟು ರಕ್ತ ಬಂತು, ಸಾಸಿವೆಯಷ್ಟು. ಎಣಿಸತೊಡಗಿದೆ. ನಲವತ್ತು ಎಣಿಸುವುದರೊಳಗೆ ಅಲ್ಲೇ ಗಟ್ಟಿಯಾಗಿ ನಿಂತಿತು. ಪುಡಿ ಇಲ್ಲ, ಬಾಟಲಿ ಇಲ್ಲ, ಯಾರೂ ಹೇಳಲಿಲ್ಲ, ತಾನೇ ನಿಂತಿತು. ಹನ್ನೊಂದು ತಿಂಗಳ ಕೂಸು, ಮಾತು ಬರುವುದಿಲ್ಲ, ಎಂಥ ಕೆಲಸ ಮಾಡಿಕೊಂಡು ಕೂತಿದೆ ಒಳಗೆ! ಜಂಬ ಕೊಚ್ಚುವುದೇ ಇಲ್ಲ.

ಆಗ ನನ್ನ ಮೀಸೆ ಒದ್ದೆಯಾಯಿತು. ಬೆಲ್ಲವಲ್ಲ.

ಕೆಂಪು ಟವೆಲ್ಲು ಹೆಗಲ ಮೇಲೇ ಇತ್ತು. ಮುಖ ಒರೆಸಿಕೊಂಡ ಹಾಗೆ ಒತ್ತಿ ಹಿಡಿದಿದ್ದರೆ ಬಲಗಿವಿಯೂ ಆಗಿಹೋಗುತ್ತಿತ್ತು, ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ತಾನೆ ತಂದದ್ದು. ಒಂದು ತೊಟ್ಟು ಮಗುವಿನ ಲಂಗಕ್ಕೆ ಬೀಳುವುದರಲ್ಲಿತ್ತು.

"ನಂಜ, ಬಾರ್ಲಾ ಇಲ್ಲಿ" ಅಂದೆ. "ಬಲಗಿವಿ ನಿಂದು. ನನ್ ಮೂಗು ಸೋರ್ತಾ ಅದೆ."

ಮಂಗಳಾ ಬಾಯಿಗೆ ಸೆರಗು ಒತ್ತಿದಳು. ಹೆಂಡತಿ ಮಾತ್ರ ಆಗಲೇ ಎದ್ದಿದ್ದಳು, ಬಿಳಿ ಬಟ್ಟೆ ಅವಳ ಕೈಯಲ್ಲೇ ಇತ್ತು. ನಂಜ ಬಂದು ಪಕ್ಕದಲ್ಲಿ ಕೂತು ತೊಡೆ ಚಾಚಿದ. ಮಗುವನ್ನು ಎತ್ತಿ ಇಟ್ಟೆ.

"ತಲೆ ಬಿಗಿಯಾಗಿ ಇಡ್ಕ" ಅಂದೆ.

"ನೀನು ಮೂಗು ಬಿಗಿಯಾಗಿ ಇಡ್ಕ" ಅಂದ.

ಮುಂದಕ್ಕೆ ಬಗ್ಗಿ, ಮೂಗು ಹಿಂಡಿಕೊಂಡು, ಡಾಕ್ಟರಮ್ಮನಿಗೆ ಫೋನು ಹಚ್ಚಿಸಿ ಕೂತೆ. ಇಪ್ಪತ್ತು ನಿಮಿಷಕ್ಕೆ ನಿಲ್ಲದಿದ್ದರೆ ಹೊರಟು ಬನ್ನಿ ಅಂದಳು. ನಂಜ ಓಮ್ನಿ ತಿರುಗಿಸಿ ನಿಲ್ಲಿಸಿದ. ಹದಿನೆಂಟಕ್ಕೆ ನಿಂತಿತು. ಚಿನ್ನು ಎದುರಿಗೆ ಕೂತು, ಕಣ್ಣೀರು ಆರುವ ಮೊದಲೇ, ನನ್ನ ಅವತಾರ ನೋಡಿ ನಗುತ್ತಿತ್ತು.

ಚಿನ್ನು: ಅರ್ಧ ನಿಮಿಷ ಚಿಲ್ಲರೆ. ಕರಿಯಪ್ಪ: ಹದಿನೆಂಟು ನಿಮಿಷ. ಬೆಳಿಗ್ಗೆಯ ಬಣ್ಣ: ಬ್ರೈಟ್.

ಇನ್ನೊಂದು ವಿಷಯ. ಹೊರಡುವ ಮುಂಚೆ ಎರಡು ಕಿವಿಯನ್ನೂ ಹತ್ತಿರದಿಂದ ನೋಡಿದೆ. ಎಡಗಿವಿಯ ತೂತು ತಕ್ಕಡಿ ಮುಳ್ಳಿನ ಹಾಗೆ ನಡುಮಧ್ಯಕ್ಕೆ ಬಿದ್ದಿದೆ. ಬಲಗಿವಿಯದು ಒಂದು ಎಳ್ಳಿನಷ್ಟು ಮೇಲಕ್ಕೆ. ತೊಡೆ ಅಲ್ಲಾಡಿಸಿದ್ದಾನೆ ನಂಜ. ಆಗಸ್ಟ್ ಹನ್ನೊಂದಕ್ಕೆ ಮತ್ತೆ ಕೊಳವೆ ನುಂಗಲು ಅವನ ಓಮ್ನಿಯಲ್ಲೇ ಹೋಗುವುದು. ಬಿಳಿಕೆರೆ ದಾಟಲಿ, ಎಮ್ಮೆ ನಾಯಿ ಯಾವುದೂ ಬೇಡ, ಇದನ್ನು ನೇರ ಅವನಿಗೇ ಹೇಳುತ್ತೇನೆ.